ಚಿತ್ರ ಬಿಡಿಸೋಕೆ ಬರಲ್ಲ, ಪೋರ್ಟ್‌ಫೋಲಿಯೋ ಮಾಡೋದು ಹೇಗೆ?

ಹೊಲಿಗೆ ಕಲಿಯಲು ಬರುವ ಹುಡುಗಿಯರು, ಅವರ ಅಮ್ಮಂದಿರು, ಫ್ಯಾಶನ್ ಡಿಸೈನ್ ಓದಲು ಹೊರಟ ಹುಡುಗರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. "ಅಕ್ಕಾ, ನಂಗೆ ಡ್ರಾಯಿಂಗ್ ಅಷ್ಟಾಗಿ ಬರಲ್ಲ. ಪೋರ್ಟ್‌ಫೋಲಿಯೋದಲ್ಲಿ ಏನು ಹಾಕ್ಲಿ?"

ಪೋರ್ಟ್‌ಫೋಲಿಯೋ ಅಂದ್ರೆ ನಿಮ್ಮ ಕೆಲಸ ತೋರಿಸುವ ಪುಸ್ತಕ. ಅದರಲ್ಲಿ ನೀವು ಹೊಲಿದ ಒಂದು ಬಟ್ಟೆ ಹಾಕಿ. ಮುಗಿದ ಮೇಲೆ ತೆಗೆದ ಫೋಟೋ ಒಂದೇ ಸಾಲದು, ಮೊದಲಿಂದ ಕೊನೆವರೆಗೆ ಅದನ್ನು ಹೇಗೆ ಮಾಡಿದಿರಿ ಅನ್ನುವುದೂ ಬೇಕು.

ಹೋದ ವರ್ಷ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು 22 ಪುಟ ಮಾಡಿಕೊಂಡು ಬಂದಿದ್ದಳು. 21 ಪುಟ ಮೊಬೈಲ್ ನೋಡಿ ಬಿಡಿಸಿದ ಗೌನುಗಳು. ಕೊನೆ ಪುಟದಲ್ಲಿ ಗುಳೇದಗುಡ್ಡದ ಖಣದ ಫ್ರಾಕು, ಸಣ್ಣ ಫೋಟೋ. ಇದೇನು ಅಂದೆ. "ಅದು ಸುಮ್ನ ಮನ್ಯಾಗ ಅಕ್ಕನ ಮಗಳಿಗೆ ಹೊಲಿದಿದ್ದು ಅಕ್ಕಾರ" ಅಂದಳು.

ಖಣ ಕುಪ್ಪಸಕ್ಕೆಂದೇ ನೇಯುವ ಬಟ್ಟೆ, ಫ್ರಾಕಿನ ಘೇರಿಗೆ ಎಲ್ಲಿ ಸಾಕಾಗುತ್ತೆ? ಅದಕ್ಕೇ ಅವಳು ಉಡಿ ತುಂಬಿದಾಗ ಬಂದ ಮೂರು ಬಣ್ಣದ ಮೂರು ಖಣ ತಗೊಂಡು, ಮೇಲೆ ಕಿರಿದು ಕೆಳಗೆ ಅಗಲ ಬರುವ ಹಾಗೆ ತುಂಡು ಕತ್ತರಿಸಿ ಜೋಡಿಸಿದ್ದಳು. ದಡಿಯನ್ನು ಕೊರಳಿಗೆ ಕೊಟ್ಟಿದ್ದಳು. ದಡಿ ನೇರ ಪಟ್ಟಿ, ದುಂಡು ಕೊರಳಿಗೆ ಕೂರಲ್ಲ, ಸುಕ್ಕು ಬೀಳುತ್ತೆ, ಹಾಗಾಗಿ ಕೊರಳನ್ನೇ ಚೌಕ ಮಾಡಿದ್ದಳು. ಕಂಕುಳಲ್ಲಿ ಬಿಗಿಯಾಯಿತು ಅಂತ ಅಲ್ಲೊಂದು ಪುಟ್ಟ ಚೌಕ ತುಂಡು. ಡಿಸೈನ್ ಅಂದ್ರೆ ಇದೇ ಅಲ್ವಾ? ಆ 21 ಗೌನುಗಳಲ್ಲಿ ಇಂಥ ಒಂದು ಯೋಚನೆಯೂ ಇರಲಿಲ್ಲ.

ಆ ಒಂದು ಫ್ರಾಕಿಗೇ ಆರು ಪುಟ ಮಾಡಿದೆವು. ಉಳಿದ ಖಣದ ಚೂರು ಅಂಟಿಸಿದೆವು, ಮುಟ್ಟಿ ನೋಡಲಿ ಅಂತ. ಮೊದಲ ಗೀಚು, ಪೇಪರ್ ಕಟಿಂಗ್ (ಅಳತೆಗೆ ಕತ್ತರಿಸಿದ ಕಾಗದದ ಮಾದರಿ), ಒಳಗಿನ ಹೊಲಿಗೆ ಕಾಣುವ ಹಾಗೆ ಬಟ್ಟೆ ತಿರುವಿ ತೆಗೆದ ಫೋಟೋ, ಮಗು ಹಾಕಿಕೊಂಡು ಓಡುವ ಫೋಟೋ. ಫೋಟೋಗಳನ್ನು ಬೆಳಿಗ್ಗೆ ಕಿಟಕಿ ಪಕ್ಕ ತೆಗೆಯಿರಿ, ಬಟ್ಟೆಗೆ ಇಸ್ತ್ರಿ ಆಗಿರಲಿ.

ಕಸೂತಿ ಬರುತ್ತೆ ಅನ್ನುವವರು ಎರಡೂ ಬದಿಯ ಫೋಟೋ ಹಾಕಲೇಬೇಕು. ಗಂಟು ಹಾಕದೆ ಗವಂತಿ ಹೊಲಿಗೆ (ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬುವ ಕಸೂತಿ ಹೊಲಿಗೆ) ಹಾಕಿದರೆ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ, ಗೊತ್ತಿರುವವರು ಮೊದಲು ತಿರುವಿ ನೋಡುವುದೇ ಹಿಂಬದಿಯನ್ನು.

ಚಿತ್ರ ಪೂರ್ತಿ ಬೇಡ ಅಂತ ಅಲ್ಲ. ಫ್ಯಾಶನ್ ಚಿತ್ರದ ಆಕೃತಿ ಸಾಮಾನ್ಯವಾಗಿ 9 ತಲೆಯಷ್ಟು ಎತ್ತರ, ನಿಜವಾದ ಮನುಷ್ಯರು ಸುಮಾರು 7.5 ಅಷ್ಟೇ. ಅಂಥ ಆಕೃತಿ ಒಂದನ್ನು ಚೆನ್ನಾಗಿ ಬಿಡಿಸಿಟ್ಟುಕೊಳ್ಳಿ, ಅದರ ಮೇಲೆ ತೆಳು ಹಾಳೆ ಇಟ್ಟು ಬೇಕಾದಷ್ಟು ಉಡುಪು ಹಾಕಬಹುದು. ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಬಟ್ಟೆಯನ್ನು ಮೇಜಿನ ಮೇಲೆ ಹರಡಿದ ಹಾಗೆ, ಮುಂದೆ ಹಿಂದೆ ಎರಡೂ, ಸ್ಕೇಲ್ ಹಿಡಿದು ಬರೆಯುವ ಫ್ಲ್ಯಾಟ್ ಡ್ರಾಯಿಂಗ್. ಹೊಲಿಗೆ, ಗುಂಡಿ, ಜಿಪ್ ಎಲ್ಲಿ ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಫ್ಯಾಶನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್‌ನ ಬಿ.ಡಿಸ್ (ಡಿಸೈನ್ ಪದವಿ) ಪ್ರವೇಶದಲ್ಲೂ ಸಿಚುಯೇಷನ್ ಟೆಸ್ಟ್ ಅಂತ ಒಂದಿದೆ, ಕೊಟ್ಟ ಸಾಮಾನಿನಲ್ಲಿ ಕೈಯಿಂದ ಮಾಡಿ ತೋರಿಸಬೇಕು.

ಒಂದು ಹೇಳುವುದು ಮರೆತೆ. ಆ ಫ್ರಾಕಿನ ಮೊದಲ ಪೇಪರ್ ಕಟಿಂಗನ್ನು ಅವಳು ಎಸೆದುಬಿಟ್ಟಿದ್ದಳು. ಊರಿಂದ ಫ್ರಾಕು ತರಿಸಿ, ಅಳತೆ ತೆಗೆದು, ಮತ್ತೆ ಮಾಡಲು ಎರಡು ದಿನ ಹಿಡಿಯಿತು. ನೀವು ಎಸೆಯಬೇಡಿ. ತಾರೀಕು ಬರೆದು, ಬಟ್ಟೆ ಚೂರಿನ ಜೊತೆ ಒಂದು ಕವರಿನಲ್ಲಿ ಹಾಕಿಡಿ.