ಹಿಮ್ಮಡಿಯ ನೆನಪು

ಆಟದ ಮೂಲಕ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವುದು ನನ್ನ ವೃತ್ತಿ. ಸರಸ್ವತಿಪುರಂನಲ್ಲಿರುವ ನನ್ನ ಆಟದ ಕೋಣೆಗೆ ಪಾಂಡವಪುರದ ಕಡೆಯಿಂದ ಆರು ವರ್ಷದ ಹುಡುಗನೊಬ್ಬ ಪ್ರತಿ ಶನಿವಾರ ಅಜ್ಜಿಯ ಜೊತೆ ಬರುತ್ತಿದ್ದ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಲುಚೀಲ ಹಾಕಲು ಹೋದರೆ ರಂಪ ಮಾಡುತ್ತಾನೆ, ಶಾಲೆಗೆ ಹೊರಡಿಸುವುದೇ ದೊಡ್ಡ ಸಾಹಸ ಎಂಬುದು ಮನೆಯವರ ದೂರು. ಮೂರನೆಯ ವಾರ ಅವನು ಗೊಂಬೆಯೊಂದನ್ನು ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಮಲಗಿಸಿ, ಅದರ ಹಿಮ್ಮಡಿಗೆ ಪೆನ್ಸಿಲ್ ಮೊನೆ ಚುಚ್ಚಿ, ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಗೊಂಬೆಯ ಮುಖವನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿದ್ದ.

ಅವನು ಏಳು ತಿಂಗಳಿಗೇ ಹುಟ್ಟಿ, ಐದು ವಾರ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದನೆಂದು ಅಜ್ಜಿ ಆಮೇಲೆ ಹೇಳಿದರು. ಅಲ್ಲಿ ರಕ್ತಪರೀಕ್ಷೆಗೆ ಹಿಮ್ಮಡಿಯನ್ನು ಚುಚ್ಚುವುದು ವಾಡಿಕೆ.

ಇದನ್ನು ನೆನಪು ಎನ್ನಬಹುದೇ? ಹೇಳಿಕೊಳ್ಳಬಲ್ಲ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಹುಟ್ಟಿದ ಮೊದಲ ಕೆಲವು ವರ್ಷ ಇನ್ನೂ ಬಲಿಯುತ್ತಲೇ ಇರುತ್ತದೆ. ಮೂರು ವರ್ಷ ತುಂಬುವ ಮುಂಚಿನದು ನಮ್ಮಲ್ಲಿ ಬಹುತೇಕರಿಗೆ ನೆನಪಿಲ್ಲದಿರುವುದಕ್ಕೆ ಅದೂ ಒಂದು ಕಾರಣ. ಆದರೆ ಮೈ ಕಲಿಯುವುದಕ್ಕೆ ಮಾತು ಬೇಕಿಲ್ಲ. ನೋವು ತಗ್ಗಿಸುವ ಮುಲಾಮಿಲ್ಲದೆ ಸುನ್ನತಿಯಾದ ಗಂಡುಶಿಶುಗಳು ನಾಲ್ಕಾರು ತಿಂಗಳ ನಂತರ ಲಸಿಕೆಯ ಸೂಜಿಗೆ ಉಳಿದವರಿಗಿಂತ ಹೆಚ್ಚು ಅತ್ತದ್ದನ್ನು ಕೆನಡಾದ ಆನಾ ಟ್ಯಾಡಿಯೊ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದರು. ಅದಕ್ಕೂ ಮೊದಲು, 1988ರಲ್ಲಿ, ಐದು ವರ್ಷ ತುಂಬುವ ಮೊದಲೇ ಆಘಾತಕ್ಕೆ ಸಿಕ್ಕಿದ್ದ, ಆ ಘಟನೆಗೆ ದಾಖಲೆಯೂ ಇದ್ದ 20 ಮಕ್ಕಳನ್ನು ಕುರಿತು ಬರೆದ ಅಮೆರಿಕದ ಮನೋವೈದ್ಯೆ ಲೆನೋರ್ ಟೆರ್, ಬಾಯಿಬಿಟ್ಟು ಏನನ್ನೂ ಹೇಳಲಾರದ ಮಕ್ಕಳ ಆಟದಲ್ಲಿ, ಭಯದಲ್ಲಿ ಆ ಘಟನೆಯ ತುಣುಕುಗಳನ್ನು ಗುರುತಿಸಿದ್ದರು.

ಹಾಗೆಂದು ಕಂಡದ್ದಕ್ಕೆಲ್ಲ ತೊಟ್ಟಿಲನ್ನೇ ಕಾರಣ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆ ಮನೆಯಲ್ಲಿ ನೆಂಟರು ಬಂದಾಗಲೆಲ್ಲ ಆಸ್ಪತ್ರೆಯ ಕಥೆ ನಡೆಯುತ್ತಿತ್ತು, ತಂದೆಯ ಫೋನಿನಲ್ಲಿ ಫೋಟೊಗಳೂ ಇದ್ದವು. ಕೇಳಿದ್ದು, ನೋಡಿದ್ದು, ಮೈ ಅನುಭವಿಸಿದ್ದು ಇವುಗಳ ಎಳೆ ಬಿಡಿಸುವುದು ನನ್ನಿಂದಾಗದ ಕೆಲಸ. ವೃತ್ತಿಗೆ ಬಂದ ಹೊಸದರಲ್ಲಿ ಇಂಥ ಆಟ ಕಂಡ ಕೂಡಲೇ ಅರ್ಥ ಹೇಳಿಬಿಡುತ್ತಿದ್ದೆ. ಮಕ್ಕಳು ಆಟವನ್ನೇ ನಿಲ್ಲಿಸುತ್ತಿದ್ದರು.

ಈ ಸಲ, “ಪಾಪುಗೆ ನೋವಾಗಿರಬೇಕು” ಎಂದಷ್ಟೇ ಹೇಳಿ ಸುಮ್ಮನಾದೆ. ಅವನು ಉತ್ತರಿಸಲಿಲ್ಲ. ಅದೇ ಆಟ, ಅದೇ ಮುಚ್ಚಳ, ಅದೇ ಪೆನ್ಸಿಲ್ ಏಳೆಂಟು ವಾರ ನಡೆಯಿತು. ಒಂದು ಶನಿವಾರ ಗೊಂಬೆಯನ್ನು ತಂದು ನನ್ನ ಮಡಿಲಲ್ಲಿಟ್ಟು, “ನೀವು ಎತ್ಕೊಂಡಿರಿ, ನಾನು ಚುಚ್ತೀನಿ” ಎಂದ. ಚುಚ್ಚಿದ ಮೇಲೆ ಗೊಂಬೆಯ ಪರವಾಗಿ ಮೊದಲ ಸಲ ಜೋರಾಗಿ ಅತ್ತ.

ಕಾಲುಚೀಲಕ್ಕೆ ಅವನು ಅಂದೂ ಒಪ್ಪಲಿಲ್ಲ. ಅದನ್ನು ಚೀಲಕ್ಕೆ ತುರುಕಿಕೊಂಡ ಅಜ್ಜಿ ಅವನನ್ನು ಬರಿಗಾಲಲ್ಲೇ ಬಸ್ಸಿಗೆ ಕರೆದೊಯ್ದರು.