ಕಾಳು, ಅಕ್ಷರ, ಬೆಣ್ಣೆದೋಸೆ ಆರ್ಡರ್

ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಗೆ ಮಾತ್ರೆ ಶುರುವಾಗಿ ಆರು ತಿಂಗಳಾಗಿರುತ್ತದೆ. ಕಿವಿಗೆ ಬೀಳುತ್ತಿದ್ದ ದನಿಗಳು ನಿಂತಿವೆ, ಅನುಮಾನ ತಗ್ಗಿದೆ. ಆದರೂ ಮೂರು ಸಾಮಾನು ತಾ ಅಂತ ಅಂಗಡಿಗೆ ಕಳಿಸಿದರೆ ಹುಡುಗ ಒಂದನ್ನೇ ತರುತ್ತಾನೆ, ಪುಸ್ತಕ ಹಿಡಿದರೆ ಗಂಟೆಗಟ್ಟಲೆ ಅದೇ ಪುಟ. ಮನೆಯಲ್ಲಿ ‘ಸೋಮಾರಿ’ ಅಂತ ಹೆಸರಿಟ್ಟುಬಿಡುತ್ತಾರೆ. ಸೋಮಾರಿತನ ಅಲ್ಲ ಅದು. ಸ್ಕಿಜೋಫ್ರೇನಿಯಾ ಗಮನ, ನೆನಪು, ಯೋಚನೆಯ ವೇಗ ಎಲ್ಲಕ್ಕೂ ಕೈಹಾಕುತ್ತದೆ, ಎಷ್ಟೋ ಜನರಲ್ಲಿ ದನಿ ಕೇಳಿಸುವ ಮೊದಲೇ. ದನಿ ನಿಲ್ಲಿಸುವ ಮಾತ್ರೆಗೆ ಈ ತೊಂದರೆ ಅಷ್ಟಾಗಿ ಬಗ್ಗುವುದಿಲ್ಲ. ಇದಕ್ಕೆ ಬೇಕಾದ್ದು ತರಬೇತಿ: ಕಾಗ್ನಿಟಿವ್ ರಿಮೆಡಿಯೇಶನ್, ಅಂದರೆ ಗಮನ, ನೆನಪು, ಯೋಚನೆಯನ್ನು ಅಭ್ಯಾಸದಿಂದ ಚುರುಕು ಮಾಡುವುದು.

ಕಂಪ್ಯೂಟರ್ ಬೇಕೇಬೇಕು ಅಂತಿಲ್ಲ. ಕಾಯಿಲೆ ಮೊದಲ ಸಲ ಕಾಣಿಸಿಕೊಂಡ 45 ಜನರ ಮೇಲೆ ನಿಮ್ಹಾನ್ಸ್‌ನವರು ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಬೇತಿ ನಡೆದದ್ದು ಮನೆಯಲ್ಲೇ, ಎರಡು ತಿಂಗಳು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ತರಬೇತಿಯೂ ಸಿಕ್ಕವರು ಎರಡು ಕಡೆ ಗಮನ ಇಡುವುದರಲ್ಲಿ, ಯೋಜನೆ ಹಾಕುವುದರಲ್ಲಿ ಮುಂದಿದ್ದರು.

ಕಾಳಿನಿಂದ ಶುರು ಮಾಡಬಹುದು. ಮೆಕ್ಕೆಜೋಳ, ಕಡಲೆ, ಹೆಸರು ಒಂದೊಂದು ಮುಷ್ಟಿ ತಟ್ಟೆಯಲ್ಲಿ ಕಲಸಿ, ಮೂರು ಬಟ್ಟಲಿಗೆ ಬೇರೆ ಮಾಡಿಸಿ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕಂತೂ ಬರವಿಲ್ಲ. ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಾಳು ತಪ್ಪು ಬಟ್ಟಲಿಗೆ ಬಿತ್ತು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮಿಷ ಇಳಿದು ತಪ್ಪು ಏರಿದರೆ ಅದು ಸುಧಾರಣೆಯಲ್ಲ, ಆತುರ. ಹತ್ತಕ್ಕೆ ಎಂಟು ಸರಿ ಬರುವಷ್ಟು ಕಷ್ಟ ಇಟ್ಟರೆ ಸಾಕು. ಅದು ಸಲೀಸಾದ ಮೇಲೆ ಹೆಸರಿನ ಜೊತೆ ಉದ್ದು, ತೊಗರಿ ಬೆರೆಸಿ. ಮೊದಲ ದಿನವೇ ಸಾಸಿವೆ, ರಾಗಿ ಮುಂದಿಟ್ಟರೆ ಮೂರನೇ ದಿನ ತಟ್ಟೆ ಮೂಲೆ ಸೇರುತ್ತದೆ.

ಆಮೇಲೆ ಅಕ್ಷರ ಹೊಡೆಯುವುದು. ಹಳೇ ಪೇಪರಿನ ಹತ್ತು ಸಾಲಿನಲ್ಲಿ ‘ರ’ ಕಂಡಲ್ಲೆಲ್ಲ ಗೆರೆ ಎಳೆಯಬೇಕು. ಕನ್ನಡದಲ್ಲಿ ಇಲ್ಲೊಂದು ತೊಡಕಿದೆ: ‘ರಿ’, ‘ರು’ ಲೆಕ್ಕಕ್ಕೆ ಉಂಟಾ? ‘ಕ್ರ’ದ ಒತ್ತು? ಅರ್ಕಾವತ್ತು? ಮೊದಲೇ ಹೇಳದಿದ್ದರೆ ನೀವು ಎಣಿಸುವ ತಪ್ಪಿನಲ್ಲಿ ಅರ್ಧ ಗಮನದ್ದಲ್ಲ, ನಿಮ್ಮ ನಿಯಮದ್ದು. ಮೊದಲು ಬರೀ ‘ರ’, ಮುಂದಿನ ವಾರ ಕಾಗುಣಿತ ಸೇರಿಸಿ, ಒತ್ತು ಕೊನೆಗೆ. ಬೆರಳಿಟ್ಟು ಸಾಲು ಹಿಡಿಯುವುದು, ‘ಈ ಸಾಲು ಮುಗೀತು, ಮುಂದಿನದು’ ಅಂತ ಬಾಯಿಬಿಟ್ಟು ಹೇಳಿಕೊಳ್ಳುವುದು ಕಲಿಸಿ. ಬರಬರುತ್ತಾ ಅದು ಪಿಸುಮಾತಾಗಿ, ಕೊನೆಗೆ ಮನಸ್ಸಿನೊಳಗೆ ಇಳಿಯಬೇಕು. ನಿಜವಾದ ಔಷಧಿ ಈ ಉಪಾಯವೇ ಹೊರತು ಕಾಳಲ್ಲ, ಅಕ್ಷರವಲ್ಲ.

ಬಹುಪಾಲು ಮನೆಗಳಲ್ಲಿ ಸೋಲುವುದು ಇದರ ಮುಂದಿನ ಹೆಜ್ಜೆ. ಕಾಳು ಬೇರೆ ಮಾಡುತ್ತಲೇ ಹೋದರೆ ಕಾಳು ಬೇರೆ ಮಾಡುವುದರಲ್ಲಿ ಜಾಣರಾಗುತ್ತಾರೆ, ಅಷ್ಟೇ. ಕಲಿತದ್ದನ್ನು ಅದೇ ವಾರ ಬೀದಿಗೆ ತರಬೇಕು. ಹೋಟೆಲಿನಲ್ಲಿ ಕೆಲಸ ಹಿಡಿಯುವ ಆಸೆ ಇರುವವನಿಗೆ ಮನೆಯಲ್ಲೇ ಟೇಬಲ್ ಹಾಕಿ: ‘ಎರಡು ಬೆಣ್ಣೆ, ಒಂದು ಖಾಲಿ, ಒಂದು ಓಪನ್, ಎರಡು ಕಾಫಿ.’ ದೋಸೆ ಒಂದು ಗುಂಪು, ಕುಡಿಯೋದು ಇನ್ನೊಂದು ಅಂತ ಕಟ್ಟಿಕೊಂಡು, ಗಿರಾಕಿಗೆ ಒಮ್ಮೆ ತಿರುಗಿ ಹೇಳಿ, ಅಡುಗೆಮನೆವರೆಗೆ ಹಿಡಿದುಕೊಂಡು ಹೋಗಲಿ. ನಡುವೆ ಯಾರಾದರೂ ‘ನೀರು ಕೊಡಪ್ಪಾ’ ಅನ್ನಲಿ, ಹೋಟೆಲಿನಲ್ಲಿ ಅನ್ನುವುದು ಹಾಗೇ ತಾನೆ. ನಂತರ ಪರಿಚಯದ ಹೋಟೆಲಿನಲ್ಲಿ, ಮಧ್ಯಾಹ್ನ ಮೂರರ ಸುಮಾರು ಜನ ಕಮ್ಮಿ ಇದ್ದಾಗ.

ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ, ನಡುವೆ ಐದು ನಿಮಿಷ ಬಿಡುವು. ದನಿಗಳು ಜೋರಾಗಿದ್ದ ವಾರ ಬೇಡ. ರಾತ್ರಿ ಮಾತ್ರೆಯ ಮಂಪರು ಹತ್ತು ಗಂಟೆವರೆಗೂ ಇರುವವರನ್ನು ಬೆಳಿಗ್ಗೆ ಏಳಕ್ಕೆ ಕೂರಿಸಬೇಡಿ. ಕೈನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ನೆನಪನ್ನು ಮಂಕು ಮಾಡಬಲ್ಲದು. ನೀವೇ ನಿಲ್ಲಿಸಬೇಡಿ, ಇನ್ನೂ ಬೇಕಾ ಅಂತ ಡಾಕ್ಟರನ್ನು ಕೇಳಿ. ಮೊಬೈಲ್ ಗೇಮ್ ಕೊಟ್ಟು ಕೈತೊಳೆದುಕೊಂಡರೆ ಉಪಯೋಗ ಕಮ್ಮಿ, ಪಕ್ಕದಲ್ಲಿ ಕೂತು ‘ಇದನ್ನು ಹೇಗೆ ಮಾಡಿದೆ?’ ಅಂತ ಕೇಳುವ ಒಬ್ಬರು ಬೇಕು.

ಯಾವ ಕಡೆ ಕುಂದಿದೆ ಅಂತ ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ. ಮಾತ್ರೆಯ ಡೋಸ್ ಬದಲಾದ ವಾರ ನಿಮಿಷಗಳು ಏರಿದವಾ ಇಳಿದವಾ ಅನ್ನುವುದು ಅದರಲ್ಲಿರುತ್ತದೆ.