ಕಪ್ಪು ಪರದೆ, ಹಳದಿ ದೀಪ
ಕಂಪ್ಯೂಟರಿನ ಫ್ಯಾನುಗಳೆಲ್ಲ ತಿರುಗುತ್ತಿದ್ದವು, ಪರದೆ ಮಾತ್ರ ಕಪ್ಪು. ಶಿರಸಿಯ ಜುಲೈ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಎರಡು ವರ್ಷ ಕೂಡಿಟ್ಟ ಹಣದಲ್ಲಿ ನಾನೇ ಜೋಡಿಸಿದ ಮೊದಲ ಕಂಪ್ಯೂಟರ್ ಅದು. ಎದೆ ಧಸಕ್ಕೆಂದಿತು.

ಮೊದಲು ತಂತಿಗಳನ್ನು ನೋಡಿದೆ. ನನ್ನ ರೈಜೆನ್ 5 5600 ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಇಲ್ಲ. ಆದ್ದರಿಂದ ಮಾನಿಟರಿನ ಕೇಬಲ್ಲನ್ನು ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿಗೆ ಚುಚ್ಚಿದರೆ ಚಿತ್ರ ಬರುವುದೇ ಇಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು. ಅದು ಸರಿಯಾಗಿತ್ತು. ವಿದ್ಯುತ್ ಕೊಡುವ ಕೇಬಲ್ಲುಗಳು, ಬೋರ್ಡಿನ 24 ಪಿನ್ನಿನದೂ ಪ್ರೊಸೆಸರಿನ 8 ಪಿನ್ನಿನದೂ, ಗಟ್ಟಿಯಾಗಿಯೇ ಕುಳಿತಿದ್ದವು.

ತೋಟದಿಂದ ಬಂದ ಅಪ್ಪಯ್ಯ ಕೈಕಾಲು ತೊಳೆದು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಒಳಗೆ ಬಗ್ಗಿ ನೋಡಿ, "ತಮಾ, ಈ ಹಳದಿ ದೀಪ ಆರುವುದೇ ಇಲ್ಲವಲ್ಲ" ಎಂದರು. ಬೋರ್ಡಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೀಪ. ಪಕ್ಕದಲ್ಲಿ ‘ಡಿರ‍್ಯಾಮ್’ ಎಂಬ ಅಕ್ಷರ, ಅಂದರೆ ಮೆಮೊರಿ. ನಾನು ಅದನ್ನು ಅಲಂಕಾರವೆಂದುಕೊಂಡಿದ್ದೆ. ಕಂಪ್ಯೂಟರ್ ಶುರುವಾಗುವಾಗ ತನ್ನನ್ನು ತಾನೇ ನೋಡಿಕೊಳ್ಳುವ ಪರೀಕ್ಷೆ ಯಾವ ಭಾಗದಲ್ಲಿ ನಿಂತುಹೋಗಿದೆ ಎಂದು ಬೋರ್ಡೇ ಹೇಳುತ್ತಿತ್ತು.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬೆರಳಾಡಿಸಿದೆ. ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ 8 ಜಿಬಿಯ ಎರಡು ರ‍್ಯಾಮ್ (ಮೆಮೊರಿ) ಪಟ್ಟಿಗಳು. ಮೇಲ್ತುದಿಯಲ್ಲಿ ಮಾತ್ರ ಕೊಕ್ಕೆ ಇರುವ ಬೋರ್ಡು. ನಾಲ್ಕನೆಯದರ ಕೆಳತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು, ಚಿನ್ನದ ಬಣ್ಣದ ಗೆರೆ ಓರೆಯಾಗಿ ಇಣುಕುತ್ತಿತ್ತು. ಬೋರ್ಡು ಬಾಗೀತೆಂಬ ಭಯಕ್ಕೆ ನಾನು ಅರೆಮನಸ್ಸಿನಿಂದ ಒತ್ತಿದ್ದೆ. ಈ ಸಲ ಹೆಬ್ಬೆರಳು ಊರಿ ಒತ್ತಿದೆ. ಟಕ್.

ಹಳದಿ ದೀಪ ಹತ್ತಿತು, ಆರಿತು. ಪರದೆಯ ಮೇಲೆ 16 ಜಿಬಿ ಎಂದು ಮೂಡಿತು. ಅಪ್ಪಯ್ಯ ಅಡುಗೆಮನೆಯತ್ತ ತಿರುಗಿ ಆಯಿಯನ್ನು ಕೂಗಿ ಕರೆದರು.